ಊರೇ ಪ್ರಯೋಗಾಲಯ: ಸರ್ಕಾರಿ ವಿಶ್ವವಿದ್ಯಾಲಯಗಳ ಅಂಗಳದಲ್ಲಿ ಸಮಾಜಕಾರ್ಯ ಶಿಕ್ಷಣ

ವಿಶ್ವವಿದ್ಯಾಲಯವೆಂದರೆ ವಿಶಾಲವಾದ ಗ್ರಂಥಾಲಯ, ಗಂಭೀರವಾದ ಉಪನ್ಯಾಸ ಮಂದಿರ, ಗಾಜಿನ ನಳಿಕೆಗಳು ಸಾಲಾಗಿ ನಿಂತ ಪ್ರಯೋಗಾಲಯ ಎಂಬ ಚಿತ್ರ ನಮ್ಮೆಲ್ಲರ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿದೆ. ಆದರೆ ಧಾರವಾಡದ ಪಾವಟೆನಗರದಲ್ಲಿ, ಮೈಸೂರಿನ ಮಾನಸಗಂಗೋತ್ರಿಯಲ್ಲಿ, ಬೆಂಗಳೂರಿನ ಜ್ಞಾನಭಾರತಿಯಲ್ಲಿ ಈ ಚಿತ್ರಕ್ಕೆ ಹೊಂದದ ವಿಭಾಗವೊಂದಿದೆ. ವಾರದಲ್ಲಿ ಎರಡು ದಿನ ಅಲ್ಲಿನ ವಿದ್ಯಾರ್ಥಿಗಳು ತರಗತಿಯತ್ತ ಸುಳಿಯುವುದೇ ಇಲ್ಲ. ಒಬ್ಬಾಕೆ ಜಿಲ್ಲಾಸ್ಪತ್ರೆಯ ಹೊರರೋಗಿ ವಿಭಾಗದ ಬೆಂಚಿನ ಮೇಲೆ ರೋಗಿಯ ತಾಯಿಯ ಪಕ್ಕದಲ್ಲಿ ಕುಳಿತಿರುತ್ತಾಳೆ. ಇನ್ನೊಬ್ಬ ಬಾಲಮಂದಿರದ ಅಂಗಳದಲ್ಲಿ ಮಕ್ಕಳೊಡನೆ ಆಟಕ್ಕಿಳಿದಿರುತ್ತಾನೆ. ಮತ್ತಿಬ್ಬರು ಕೊಳೆಗೇರಿಯ ಓಣಿಯಲ್ಲಿ ಮನೆಮನೆಯ ಕದ ತಟ್ಟುತ್ತಿರುತ್ತಾರೆ. ಇವರಾರೂ ತರಗತಿಗೆ ಚಕ್ಕರ್ ಹೊಡೆದವರಲ್ಲ. ಇವರು ಓದುತ್ತಿರುವ ಸಮಾಜಕಾರ್ಯ ಸ್ನಾತಕೋತ್ತರ ಪದವಿಯಲ್ಲಿ, ಎಲ್ಲರ ಬಾಯಲ್ಲಿರುವಂತೆ ಹೇಳುವುದಾದರೆ ಎಂಎಸ್‌ಡಬ್ಲ್ಯೂನಲ್ಲಿ, ಇದೇ ಪಾಠ. ಇದಕ್ಕೆ ಅಂಕಗಳಿವೆ, ಮಾರ್ಗದರ್ಶಕರಿದ್ದಾರೆ, ಪ್ರತಿ ಭೇಟಿಯ ಲಿಖಿತ ವರದಿಯಿದೆ, ಕೊನೆಯಲ್ಲಿ ಮೌಖಿಕ ಪರೀಕ್ಷೆಯೂ ಇದೆ.

ಮನುಷ್ಯನ ಸಂಕಟವನ್ನು ಶಾಸ್ತ್ರೀಯವಾಗಿ ಅರಿತು, ಅದರ ಪರಿಹಾರಕ್ಕೆ ಶಿಸ್ತಿನಿಂದ ದುಡಿಯುವುದನ್ನು ಪದವಿಯ ವಿಷಯವನ್ನಾಗಿಸಿದ್ದು ಇಪ್ಪತ್ತನೆಯ ಶತಮಾನದ ವಿದ್ಯಾಪ್ರಪಂಚ ಸಾಧಿಸಿದ ಮಹತ್ತರ ಕಾರ್ಯಗಳಲ್ಲಿ ಒಂದು. ಆ ಪದವಿ ಸರ್ಕಾರಿ ವಿಶ್ವವಿದ್ಯಾಲಯದ ಅಂಗಳಕ್ಕೆ ಬಂದು, ರೈತನ ಮಗಳಿಗೂ ಗಾರೆ ಕೆಲಸದವನ ಮಗನಿಗೂ ಕೈಗೆಟಕುವ ಶುಲ್ಕದಲ್ಲಿ ದೊರೆಯುವಂತಾದದ್ದು ನಮ್ಮ ನಾಡಿನ ಭಾಗ್ಯ.

ದೀನರಿಗೆ ನೆರವಾಗುವುದು ಕನ್ನಡಿಗರಿಗೆ ಹೊಸತೇನಲ್ಲ. ಕಾಯಕ ಮತ್ತು ದಾಸೋಹವನ್ನು ಬದುಕಿನ ತತ್ತ್ವವಾಗಿಸಿದ ಶರಣರ ನಾಡಿದು. 1897ರಲ್ಲಿ ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದ ಕುದ್ಮುಲ್ ರಂಗರಾಯರು ಸ್ವಜನರ ಬಹಿಷ್ಕಾರವನ್ನೇ ಎದುರಿಸಿ ದಲಿತ ಮಕ್ಕಳ ಶಾಲೆಗಳನ್ನು ನಡೆಸಿದರು. ಅವರಿಗೆ ಯಾವ ಪದವಿಯೂ ಈ ಕಾರ್ಯವನ್ನು ಕಲಿಸಿರಲಿಲ್ಲ. ಆದರೆ ಕರುಣೆಯೊಂದೇ ಸಾಲದು, ಅದಕ್ಕೆ ಜ್ಞಾನದ ಬೆಂಬಲವೂ ಕೌಶಲದ ತರಬೇತಿಯೂ ಬೇಕೆಂಬ ಅರಿವು ಅದೇ ಕಾಲದಲ್ಲಿ ಜಗತ್ತಿನ ಬೇರೆಡೆ ಮೂಡುತ್ತಿತ್ತು. 1889ರಲ್ಲಿ ಜೇನ್ ಆಡಮ್ಸ್ ತಮ್ಮ ಗೆಳತಿ ಎಲೆನ್ ಗೇಟ್ಸ್ ಸ್ಟಾರ್ ಅವರೊಡನೆ ಷಿಕಾಗೋದ ವಲಸಿಗರ ಬಡಾವಣೆಯ ನಡುವೆ ಹಲ್ ಹೌಸ್ ಎಂಬ ಸೇವಾಕೇಂದ್ರವನ್ನು ತೆರೆದರು. ಮುಂದೆ 1931ರಲ್ಲಿ ನೊಬೆಲ್ ಶಾಂತಿ ಪುರಸ್ಕಾರ ಆಡಮ್ಸ್ ಅವರಿಗೆ ಸಂದಿತು. 1898ರಲ್ಲಿ ನ್ಯೂಯಾರ್ಕಿನಲ್ಲಿ ಇಂಥ ಸೇವೆಗೆಂದೇ ಬೇಸಿಗೆಯ ತರಬೇತಿ ವರ್ಗವೊಂದು ಆರಂಭವಾಯಿತು. 1917ರಲ್ಲಿ ಮೇರಿ ರಿಚ್‌ಮಂಡ್ ಪ್ರಕಟಿಸಿದ ‘ಸೋಷಿಯಲ್ ಡಯಾಗ್ನೋಸಿಸ್’ ಎಂಬ ಗ್ರಂಥ ಈ ವೃತ್ತಿಗೆ ಶಾಸ್ತ್ರದ ಬುನಾದಿ ಹಾಕಿತು. ವೈದ್ಯನು ರೋಗದ ಮೂಲವನ್ನು ಅರಸುವಂತೆ, ಕುಟುಂಬವೊಂದರ ಸಂಕಟದ ಮೂಲವನ್ನೂ ಮಾಹಿತಿ ಕಲೆಹಾಕಿ, ಪರಿಶೀಲಿಸಿ, ನಿರ್ಣಯಿಸಬೇಕು ಎಂಬುದು ಆ ಗ್ರಂಥದ ಸಾರ.

ಭಾರತಕ್ಕೆ ಈ ವಿದ್ಯೆ ಬಂದದ್ದು ಮುಂಬಯಿಯ ಶ್ರಮಿಕರ ಬಡಾವಣೆಯೊಂದರ ಮೂಲಕ. ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಓದಿದ್ದ ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಎಂಬ ಅಮೆರಿಕನ್ ಪಾದ್ರಿ ನಾಗಪಾಡಾದಲ್ಲಿ ‘ನೇಬರ್‌ಹುಡ್ ಹೌಸ್’ ಎಂಬ ಸಮುದಾಯ ಕೇಂದ್ರವನ್ನು ಕಟ್ಟಿದ್ದರು. ಸೇವೆಗೆ ಮುಂದಾಗುವ ಮನಸ್ಸುಗಳು ಬೇಕಾದಷ್ಟಿವೆ, ತರಬೇತಾದ ಕೈಗಳಿಲ್ಲ ಎಂಬುದನ್ನು ಅಲ್ಲಿ ದುಡಿಯುತ್ತ ಕಂಡುಕೊಂಡ ಅವರು, ಸರ್ ದೊರಾಬ್ಜಿ ಟಾಟಾ ಟ್ರಸ್ಟಿನ ಮುಂದೆ ಶಾಲೆಯೊಂದರ ಕಲ್ಪನೆಯನ್ನಿಟ್ಟರು. ಹೀಗೆ 1936ರಲ್ಲಿ ಸರ್ ದೊರಾಬ್ಜಿ ಟಾಟಾ ಗ್ರಾಜುಯೇಟ್ ಸ್ಕೂಲ್ ಆಫ್ ಸೋಷಿಯಲ್ ವರ್ಕ್ ಜನ್ಮತಾಳಿತು. 1944ರಲ್ಲಿ ಅದು ಟಾಟಾ ಸಮಾಜವಿಜ್ಞಾನ ಸಂಸ್ಥೆಯಾಯಿತು. 1964ರಲ್ಲಿ ವಿಶ್ವವಿದ್ಯಾಲಯಕ್ಕೆ ಸಮಾನವಾದ ಮಾನ್ಯತೆ ಪಡೆಯಿತು. ಇಂದು ದೇವನಾರ್‌ನಲ್ಲಿರುವ ಆ ಸಂಸ್ಥೆ ‘ಟಿಸ್’ ಎಂಬ ಹೆಸರಿನಿಂದ ದೇಶಾದ್ಯಂತ ವಿಖ್ಯಾತ.

ಆ ಸಂಸ್ಥೆಯನ್ನು ರೂಪಿಸಿದವರಲ್ಲಿ ಕನ್ನಡ ನಾಡಿನೊಡನೆ ನಂಟಿದ್ದ ಇಬ್ಬರು ಮಹನೀಯರಿದ್ದರು ಎಂಬ ಸಂಗತಿ ನಮ್ಮಲ್ಲಿ ಅಷ್ಟಾಗಿ ಪ್ರಚಾರ ಪಡೆದಿಲ್ಲ. ಒಬ್ಬರು ಎ.ಆರ್. ವಾಡಿಯಾ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ದೀರ್ಘಕಾಲ ತತ್ತ್ವಶಾಸ್ತ್ರ ಬೋಧಿಸಿದ್ದ ಈ ಪಾರ್ಸಿ ವಿದ್ವಾಂಸರು ಮುಂದೆ ಟಿಸ್‌ನ ನಿರ್ದೇಶಕರಾದರು. ಭಾರತದ ಸಮಾಜಕಾರ್ಯದ ಇತಿಹಾಸ ಮತ್ತು ತತ್ತ್ವವನ್ನು ಕುರಿತ ಬೃಹತ್ ಸಂಪುಟವನ್ನು ಸಂಪಾದಿಸಿದರು. ಇನ್ನೊಬ್ಬರು ಹುಬ್ಬಳ್ಳಿಯಲ್ಲಿ ಜನಿಸಿದ ಎಂ.ಎಸ್. ಗೋರೆ. ದೆಹಲಿಯ ಸಮಾಜಕಾರ್ಯ ಶಾಲೆಯ ಪ್ರಾಂಶುಪಾಲರಾಗಿದ್ದ ಅವರು 1962ರಲ್ಲಿ ಟಿಸ್‌ನ ಚುಕ್ಕಾಣಿ ಹಿಡಿದು ಎರಡು ದಶಕಗಳ ಕಾಲ ಅದನ್ನು ಮುನ್ನಡೆಸಿದರು. ಆನಂತರ ಮುಂಬಯಿ ವಿಶ್ವವಿದ್ಯಾಲಯದ ಕುಲಪತಿಯಾದರು. ಭಾರತದಲ್ಲಿ ಸಮಾಜಕಾರ್ಯ ಶಿಕ್ಷಣವೆಂದರೆ ಏನಿರಬೇಕು ಎಂಬುದನ್ನು ಅವರಷ್ಟು ಆಳವಾಗಿ ಚಿಂತಿಸಿದವರು ವಿರಳ. ಸಂಕಟಕ್ಕೆ ಸಿಕ್ಕಿದ ವ್ಯಕ್ತಿಯನ್ನು ತಿದ್ದಿದರಷ್ಟೇ ಸಾಲದು, ಅವನನ್ನು ಆ ಸ್ಥಿತಿಗೆ ತಳ್ಳಿದ ಸಮಾಜದ ರಚನೆಯನ್ನೂ ಪ್ರಶ್ನಿಸಬೇಕೆಂಬುದು ಅವರ ಚಿಂತನೆಯ ನೆಲೆ. ಇಳಿವಯಸ್ಸಿನಲ್ಲಿ ಅಂಬೇಡ್ಕರರ ಸಾಮಾಜಿಕ, ರಾಜಕೀಯ ವಿಚಾರಗಳ ಮೇಲೆ ಅವರು ಪ್ರೌಢ ಗ್ರಂಥವನ್ನೇ ಬರೆದದ್ದು ಈ ನೆಲೆಯ ಸಹಜ ವಿಸ್ತಾರ.

ಖಾಸಗಿ ದತ್ತಿಯಿಂದ ಹುಟ್ಟಿದ ಈ ವಿದ್ಯೆ ಸ್ವಾತಂತ್ರ್ಯದ ಆಸುಪಾಸಿನಲ್ಲಿ ಸಾರ್ವಜನಿಕ ವಿಶ್ವವಿದ್ಯಾಲಯಗಳ ಹೊಸ್ತಿಲು ದಾಟಿತು. 1946ರಲ್ಲಿ ಆರಂಭವಾದ ದೆಹಲಿಯ ಶಾಲೆ ಅಲ್ಲಿನ ವಿಶ್ವವಿದ್ಯಾಲಯದ ಅಂಗವಾಯಿತು. ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯ ತನ್ನ ಆರಂಭದ ದಿನಗಳಲ್ಲೇ ಸಮಾಜಕಾರ್ಯಕ್ಕೆ ಪ್ರತ್ಯೇಕ ನಿಕಾಯವನ್ನು ತೆರೆಯಿತು. ಕರ್ನಾಟಕದಲ್ಲಿ ಮಂಗಳೂರಿನ ಸಮಾಜಕಾರ್ಯ ಶಾಲೆ ರೋಶನಿ ನಿಲಯ 1960ರಲ್ಲಿ ಕಣ್ತೆರೆದರೆ, ಆ ದಶಕದಲ್ಲೇ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಈ ವಿಷಯವನ್ನು ಕೈಗೆತ್ತಿಕೊಂಡಿತು. ಡಿ.ಸಿ. ಪಾವಟೆಯವರು ಕುಲಪತಿಗಳಾಗಿ ಧಾರವಾಡದ ಗುಡ್ಡದ ಮೇಲೆ ಒಂದೊಂದೇ ವಿಭಾಗವನ್ನು ಕಟ್ಟುತ್ತಿದ್ದ ವೈಭವದ ಕಾಲವದು. ಈಗ ಬೆಂಗಳೂರು, ಮೈಸೂರು, ಮಂಗಳೂರು, ಕಲಬುರಗಿ, ತುಮಕೂರು, ಬಳ್ಳಾರಿ ಎಲ್ಲೆಡೆಯೂ ಎಂಎಸ್‌ಡಬ್ಲ್ಯೂ ಇದೆ. ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲೂ ಇದೆ.

ಧಾರವಾಡದ ಹೆಸರೆತ್ತಿದಾಗ ಎಚ್.ಎಂ. ಮರುಳಸಿದ್ಧಯ್ಯನವರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಹಳ್ಳಿಯೊಂದರ ವೃದ್ಧರ ಬದುಕನ್ನು ಕುರಿತು ಅವರು ನಡೆಸಿದ ಅಧ್ಯಯನ ‘ಓಲ್ಡ್ ಪೀಪಲ್ ಆಫ್ ಮಕುಂಟಿ’ ಎಂಬ ಗ್ರಂಥವಾಗಿ 1969ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದಿಂದಲೇ ಹೊರಬಂತು. ವೃದ್ಧಾಪ್ಯವನ್ನು ಅಧ್ಯಯನದ ವಿಷಯವೆಂದು ನಮ್ಮ ದೇಶ ಇನ್ನೂ ಗಂಭೀರವಾಗಿ ಪರಿಗಣಿಸಿರದ ಆ ಕಾಲದಲ್ಲಿ, ಹಳ್ಳಿಯ ಜಗಲಿಯ ಮೇಲೆ ಕುಳಿತ ಅಜ್ಜ ಅಜ್ಜಿಯರ ಮಾತಿಗೆ ವಿದ್ವತ್ತಿನ ಗೌರವ ತಂದುಕೊಟ್ಟ ಕೃತಿಯದು. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ತಲೆಮಾರುಗಳನ್ನೇ ರೂಪಿಸಿದ ಅವರು, ಸಮಾಜಕಾರ್ಯವನ್ನು ಕನ್ನಡದಲ್ಲಿ ಯೋಚಿಸಲು, ಬರೆಯಲು, ಬೋಧಿಸಲು ಸಾಧ್ಯವೆಂದು ತಮ್ಮ ಕೃತಿಗಳ ಮೂಲಕ ತೋರಿಸಿಕೊಟ್ಟರು. ಹಳ್ಳಿಯ ಮನೆಗೆ ಹೋಗಿ ಕನ್ನಡದಲ್ಲಿ ಕೇಳಿದ್ದನ್ನು ವಿಭಾಗಕ್ಕೆ ಮರಳಿ ಇಂಗ್ಲಿಷಿನಲ್ಲಿ ಬರೆಯಬೇಕಾದ ವಿದ್ಯಾರ್ಥಿಗೆ ಅವರ ಪುಸ್ತಕಗಳು ನೀಡಿದ ಧೈರ್ಯ ಸಾಮಾನ್ಯವಾದುದಲ್ಲ.

ಎರಡು ವರ್ಷ, ನಾಲ್ಕು ಸೆಮಿಸ್ಟರುಗಳ ಈ ವ್ಯಾಸಂಗಕ್ಕೆ ಯಾವುದೇ ವಿಷಯದ ಪದವೀಧರರು ಬರಬಹುದೆಂಬುದೇ ಸಾಮಾನ್ಯ ಪದ್ಧತಿ. ಹೀಗಾಗಿ ಬಿಎಸ್‌ಡಬ್ಲ್ಯೂ ಓದಿದವರ ಪಕ್ಕದಲ್ಲಿ ಬಿಎ, ಬಿಕಾಂ, ಬಿಎಸ್ಸಿ ಓದಿದವರೂ ಕೂರುತ್ತಾರೆ. ಸಮಾಜಶಾಸ್ತ್ರ, ಮನೋವಿಜ್ಞಾನ, ಕಾನೂನು, ಅರ್ಥಶಾಸ್ತ್ರ ಇವೆಲ್ಲವೂ ಇಲ್ಲಿ ಒಂದೇ ಸೂರಿನಡಿ ಸೇರುತ್ತವೆ. ಆದರೆ ಶಾಸ್ತ್ರದ ತಿರುಳಿರುವುದು ಆರು ವಿಧಾನಗಳಲ್ಲಿ. ವ್ಯಕ್ತಿಯೊಬ್ಬರೊಡನೆ ಅಥವಾ ಕುಟುಂಬವೊಂದರೊಡನೆ ನಡೆಸುವ ವ್ಯಕ್ತಿಗತ ಸಮಾಜಕಾರ್ಯ, ಗುಂಪಿನ ಶಕ್ತಿಯನ್ನು ಬಳಸುವ ವೃಂದಗತ ಸಮಾಜಕಾರ್ಯ ಮತ್ತು ಸಮುದಾಯ ಸಂಘಟನೆ ಎಂಬ ಮೂರು ಪ್ರಧಾನ ವಿಧಾನಗಳು. ಅವುಗಳಿಗೆ ಆಸರೆಯಾಗಿ ಸಮಾಜಕಲ್ಯಾಣ ಆಡಳಿತ, ಸಂಶೋಧನೆ, ಸಾಮಾಜಿಕ ಕ್ರಿಯೆ.

ಪುಸ್ತಕದಲ್ಲಿ ಇವು ಅಧ್ಯಾಯಗಳು. ಕ್ಷೇತ್ರಕಾರ್ಯಕ್ಕೆ ಇಳಿದಾಗಲೇ ಇವುಗಳಿಗೆ ಜೀವ ಬರುವುದು. ಮದ್ಯವ್ಯಸನಿಯ ಹೆಂಡತಿ ಮೊದಲ ಭೇಟಿಯಲ್ಲಿ ‘ಏನೂ ಇಲ್ಲ ಕಣಮ್ಮಾ, ಚೆನ್ನಾಗಿದ್ದೀವಿ’ ಎಂದು ಬಾಗಿಲಲ್ಲೇ ಕಳಿಸಿಬಿಡಬಹುದು. ಎರಡನೆಯ ಭೇಟಿಯಲ್ಲಿ ಒಳಗೆ ಕರೆದು ನೀರು ಕೊಟ್ಟಾಳು. ಮೂರನೆಯದರಲ್ಲಿ ಮಗನ ಶಾಲೆ ಬಿಡಿಸಿದ್ದನ್ನು ಹೇಳಿಯಾಳು. ಆ ಕ್ಷಣದಲ್ಲಿ ಉಪದೇಶಕ್ಕೆ ತೊಡಗದಿರುವುದು, ಕಣ್ಣೀರಿಗೆ ಗಾಬರಿಯಾಗದಿರುವುದು, ಈಡೇರಿಸಲಾಗದ ಭರವಸೆ ಕೊಡದಿರುವುದು, ಅವಳ ಮಾತನ್ನು ಪಕ್ಕದ ಮನೆಗೆ ದಾಟಿಸದಿರುವುದು, ನಿರ್ಧಾರವನ್ನು ಅವಳಿಗೇ ಬಿಡುವುದು ಇವೆಲ್ಲ ಸಮಾಜಕಾರ್ಯದ ಮೂಲತತ್ತ್ವಗಳೆಂದು ವಿದ್ಯಾರ್ಥಿನಿ ತರಗತಿಯಲ್ಲಿ ಕಂಠಪಾಠ ಮಾಡಿರುತ್ತಾಳೆ. ಅವುಗಳ ಭಾರವೆಷ್ಟೆಂದು ತಿಳಿಯುವುದು ಆ ಬಾಗಿಲ ಮುಂದೆ ನಿಂತಾಗ. ಸಂಜೆ ವರದಿ ಬರೆಯಬೇಕು: ಏನು ಕಂಡೆ, ಏನು ಕೇಳಿದೆ, ನಾನೇನು ಅಂದೆ, ಯಾಕೆ ಅಂದೆ. ವಾರಕ್ಕೊಮ್ಮೆ ಮಾರ್ಗದರ್ಶಕರು ಅದನ್ನು ಮುಂದಿಟ್ಟುಕೊಂಡು ಒಬ್ಬೊಬ್ಬರನ್ನೇ ಕೂರಿಸಿ ಚರ್ಚಿಸುತ್ತಾರೆ. ವಿದ್ಯಾರ್ಥಿಯ ಪೂರ್ವಗ್ರಹ, ಜಾತಿಯ ಕಣ್ಣು, ಅವಸರ ಎಲ್ಲವೂ ಅಲ್ಲಿ ಬೆಳಕಿಗೆ ಬರುತ್ತವೆ. ತನ್ನನ್ನೇ ತಾನು ಓದಿಕೊಳ್ಳುವ ಇಂಥ ಪಠ್ಯ ಬೇರಾವ ಸ್ನಾತಕೋತ್ತರ ಪದವಿಯಲ್ಲೂ ಇಷ್ಟು ಕಟ್ಟುನಿಟ್ಟಾಗಿ ಇದ್ದಂತಿಲ್ಲ.

ಗ್ರಾಮೀಣ ಶಿಬಿರದ ಸೊಬಗೇ ಬೇರೆ. ಇಡೀ ತರಗತಿ ಒಂದು ಹಳ್ಳಿಯ ಶಾಲೆಯಲ್ಲೋ ಸಮುದಾಯ ಭವನದಲ್ಲೋ ಬೀಡುಬಿಟ್ಟು ವಾರವೊಪ್ಪತ್ತು ಕಳೆಯುತ್ತದೆ. ಬೆಳಗ್ಗೆ ಶ್ರಮದಾನ, ಮಧ್ಯಾಹ್ನ ಸಮೀಕ್ಷೆ, ರಾತ್ರಿ ಬೀದಿನಾಟಕ. ಊರಿನ ಹೆಂಗಸರು ರಂಗೋಲಿ ಪುಡಿಯಿಂದ ನೆಲದ ಮೇಲೆ ತಮ್ಮೂರಿನ ನಕ್ಷೆ ಬಿಡಿಸಿ, ಬಾವಿ ಎಲ್ಲಿದೆ, ಯಾವ ಕೇರಿಗೆ ನಲ್ಲಿ ಬಂದಿಲ್ಲ, ಯಾರ ಮನೆಗೆ ಪಡಿತರ ಚೀಟಿಯಿಲ್ಲ ಎಂದು ಕಾಳುಗಳನ್ನಿಟ್ಟು ತೋರಿಸುವ ಸಹಭಾಗಿ ಸಮೀಕ್ಷೆಯನ್ನು ಭಾರತದಲ್ಲಿ ಬೆಳೆಸಿದವರಲ್ಲಿ ಬೆಂಗಳೂರು ಮೂಲದ ಮೈರಾಡ ಸಂಸ್ಥೆಯೂ ಅಗ್ರಪಂಕ್ತಿಯಲ್ಲಿದೆ. 1968ರಲ್ಲಿ ಟಿಬೆಟ್ ನಿರಾಶ್ರಿತರ ಪುನರ್ವಸತಿಗೆಂದು ಹುಟ್ಟಿದ ಈ ಸಂಸ್ಥೆ, 1980ರ ದಶಕದಲ್ಲಿ ಹಳ್ಳಿಯ ಬಡವರ ಚಿಕ್ಕ ಚಿಕ್ಕ ಉಳಿತಾಯ ಗುಂಪುಗಳನ್ನು ಕಟ್ಟಿತು. ಆ ಅನುಭವವೇ 1992ರಲ್ಲಿ ನಬಾರ್ಡ್ ಆರಂಭಿಸಿದ ಸ್ವಸಹಾಯ ಗುಂಪು ಮತ್ತು ಬ್ಯಾಂಕ್ ಜೋಡಣೆಯ ರಾಷ್ಟ್ರೀಯ ಕಾರ್ಯಕ್ರಮಕ್ಕೆ ದಾರಿ ತೋರಿಸಿತು. ಇಂದು ನಮ್ಮ ಓಣಿ ಓಣಿಯಲ್ಲಿ ‘ಸಂಘದ ಮೀಟಿಂಗ್’ ಎಂದರೆ ಗೊತ್ತಿಲ್ಲದ ತಾಯಂದಿರಿಲ್ಲ. ವೃಂದಗತ ಸಮಾಜಕಾರ್ಯದ ಪಾಠವನ್ನು ಕರ್ನಾಟಕದ ವಿದ್ಯಾರ್ಥಿ ಕಲಿಯುವುದು ಹೀಗೆ ತನ್ನ ತಾಯಿಯೇ ಸದಸ್ಯೆಯಾಗಿರುವ ಸಂಘದಿಂದ.

ಮಾನಸಿಕ ಆರೋಗ್ಯದ ಕ್ಷೇತ್ರದಲ್ಲಂತೂ ಕನ್ನಡ ನಾಡು ದೇಶಕ್ಕೇ ಮಾದರಿ. ಬೆಂಗಳೂರಿನ ನಿಮ್ಹಾನ್ಸ್ ಮನೋವೈದ್ಯರ ಜೊತೆಜೊತೆಗೇ ಮನೋವೈದ್ಯಕೀಯ ಸಮಾಜಕಾರ್ಯಕರ್ತರನ್ನೂ ತರಬೇತುಗೊಳಿಸುತ್ತ ಬಂದ ಸಾರ್ವಜನಿಕ ಸಂಸ್ಥೆ. ಮಾನಸಿಕ ರೋಗಿಗೆ ಆಸ್ಪತ್ರೆಯ ಗೋಡೆಗಳಾಚೆ, ತನ್ನ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಚಿಕಿತ್ಸೆ ದೊರಕಿಸಬಹುದೆಂದು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಈ ಸಂಸ್ಥೆ ನಡೆಸಿದ ಪ್ರಯೋಗ ಸಾಬೀತುಪಡಿಸಿತು. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ‘ಬಳ್ಳಾರಿ ಮಾದರಿ’ಯೇ ತಳಹದಿ. ಔಷಧಿ ಬರೆಯುವುದು ವೈದ್ಯರ ಕೆಲಸ. ರೋಗಿ ಅದನ್ನು ನುಂಗುತ್ತಿದ್ದಾನೆಯೇ, ಮನೆಯವರು ದೆವ್ವವೆಂದು ಕಟ್ಟಿಹಾಕಿದ್ದಾರೆಯೇ, ಕೂಲಿಗೆ ಮರಳಲು ಅವನನ್ನು ಯಾರಾದರೂ ಕರೆಯುತ್ತಾರೆಯೇ ಎಂದು ನೋಡುವ ಹೊಣೆ ಸಮಾಜಕಾರ್ಯಕರ್ತರದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಈ ವೃತ್ತಿಯನ್ನು ಹೆಸರಿಸಿ, ಅರ್ಹತೆಯನ್ನು ನಿಗದಿಪಡಿಸಿತು.

ಕಾನೂನಿನ ಪುಟಗಳಲ್ಲಿ ಸಮಾಜಕಾರ್ಯ ಪಡೆದ ಸ್ಥಾನ ಇಷ್ಟಕ್ಕೇ ಸೀಮಿತವಲ್ಲ. 1948ರ ಕಾರ್ಖಾನೆ ಕಾಯ್ದೆಯ ಪ್ರಕಾರ 500 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗೆ ಕಲ್ಯಾಣಾಧಿಕಾರಿ ಇರಲೇಬೇಕಾಯಿತು. ಎಷ್ಟೋ ಎಂಎಸ್‌ಡಬ್ಲ್ಯೂ ಪದವೀಧರರ ಮೊದಲ ಸಂಬಳಕ್ಕೆ ಆ ಒಂದು ಕಲಮು ಕಾರಣವಾಯಿತು. 2015ರ ಬಾಲನ್ಯಾಯ ಕಾಯ್ದೆಯಂತೆ ಬಾಲನ್ಯಾಯ ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟರ ಜೊತೆ ಇಬ್ಬರು ಸಮಾಜಕಾರ್ಯಕರ್ತರು ಕೂರುತ್ತಾರೆ. ಅವರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. ಕಾನೂನಿನೊಡನೆ ಸಂಘರ್ಷಕ್ಕಿಳಿದ ಮಗುವಿನ ಮನೆ, ಶಾಲೆ, ಗೆಳೆಯರ ಬಳಗವನ್ನೆಲ್ಲ ವಿಚಾರಿಸಿ ಪರಿವೀಕ್ಷಣಾಧಿಕಾರಿ ಬರೆಯುವ ಸಾಮಾಜಿಕ ತನಿಖಾ ವರದಿ ಆ ಮಂಡಳಿಯ ಮುಂದೆ ಬರುತ್ತದೆ. ಮಗುವಿನ ಭವಿಷ್ಯ ಎಷ್ಟೋ ವೇಳೆ ಆ ಕೆಲವೇ ಪುಟಗಳನ್ನು ಅವಲಂಬಿಸಿರುತ್ತದೆ. ಎಂಎಸ್‌ಡಬ್ಲ್ಯೂ ಮೊದಲ ಸೆಮಿಸ್ಟರಿನ ಹುಡುಗಿ ಓಣಿಯಲ್ಲಿ ಕಲಿತ ಗೃಹಭೇಟಿಯ ಕಲೆ ಇಂಥ ವರದಿಯಲ್ಲಿ ಸಾರ್ಥಕವಾಗುತ್ತದೆ.

ವಿದ್ಯಾಸಂಸ್ಥೆಯ ಕ್ಷೇತ್ರಕಾರ್ಯ ಒಂದು ದೇಶದ ವ್ಯವಸ್ಥೆಯನ್ನೇ ಬದಲಿಸಬಲ್ಲದು ಎಂಬುದಕ್ಕೆ ಟಿಸ್ ಎರಡು ಉಜ್ವಲ ನಿದರ್ಶನಗಳನ್ನು ಕೊಟ್ಟಿದೆ. 1984ರಲ್ಲಿ ಮುಂಬಯಿ ಪೊಲೀಸರೊಡನೆ ಸೇರಿ ಅದು ಮಹಿಳೆಯರು ಮತ್ತು ಮಕ್ಕಳಿಗಾಗಿ ವಿಶೇಷ ಘಟಕವೊಂದನ್ನು ತೆರೆಯಿತು. ಪೊಲೀಸ್ ವ್ಯವಸ್ಥೆಯ ಒಳಗೇ ಸಮಾಜಕಾರ್ಯಕರ್ತೆಯ ಮೇಜು ಬಂತು. 1996ರಲ್ಲಿ ಅಲ್ಲಿನ ಜೆರೂ ಬಿಲಿಮೋರಿಯಾ ಅವರ ಮುಂದಾಳತ್ವದಲ್ಲಿ ಬೀದಿಮಕ್ಕಳಿಗಾಗಿ ದೂರವಾಣಿ ಸಹಾಯವಾಣಿ ಮೊದಲಾಯಿತು. ಅದೇ 1098. ಪ್ರಾಯೋಗಿಕ ಯೋಜನೆಯಾಗಿ ಹುಟ್ಟಿದ ಈ ಸಂಖ್ಯೆ ಮುಂದೆ ದೇಶದ ಮಕ್ಕಳೆಲ್ಲರ ಸಹಾಯವಾಣಿಯಾಗಿ, ಈಗ ನೇರವಾಗಿ ಸರ್ಕಾರದ ವ್ಯವಸ್ಥೆಯೊಳಗೆ ಬಂದಿದೆ. ಬಾಲ್ಯವಿವಾಹವನ್ನು ತಡೆಯಲು ಕಲಬುರಗಿಯ ಹಳ್ಳಿಯಿಂದಲೂ ಕರೆ ಹೋಗುವುದು ಇದೇ ಸಂಖ್ಯೆಗೆ.

ಇಷ್ಟು ಭವ್ಯವಾದ ಪರಂಪರೆಯ ಇಂದಿನ ಸ್ಥಿತಿ ಹೇಗಿದೆ? ಸಂತೋಷಪಡಲು ಕಾರಣಗಳುಂಟು. ವಿಶ್ವವಿದ್ಯಾಲಯದ ವಿಭಾಗಗಳಲ್ಲಿ ಹೆಣ್ಣುಮಕ್ಕಳ ಹಾಜರಾತಿ ಎದ್ದು ಕಾಣುತ್ತದೆ. 2023ರ ಜೂನ್‌ನಲ್ಲಿ ಜಾರಿಗೆ ಬಂದ ಶಕ್ತಿ ಯೋಜನೆಯಿಂದಾಗಿ ವಿಭಾಗಕ್ಕೂ ಕ್ಷೇತ್ರಕಾರ್ಯದ ಹಳ್ಳಿಗೂ ಬಸ್ಸಿನಲ್ಲಿ ಟಿಕೆಟ್ಟಿನ ಚಿಂತೆಯಿಲ್ಲದೆ ಓಡಾಡುವುದು ವಿದ್ಯಾರ್ಥಿನಿಯರಿಗೆ ಸಾಧ್ಯವಾಗಿದೆ. ಸಮಾಜ ಕಲ್ಯಾಣ ಇಲಾಖೆಯ ವಿದ್ಯಾರ್ಥಿನಿಲಯದಲ್ಲಿದ್ದುಕೊಂಡು ಓದಿದವರು ಅದೇ ಇಲಾಖೆಯ ಅಧಿಕಾರಿಗಳಾಗಿ ಮರಳುವುದುಂಟು. ಇದನ್ನು ನಾನು ಈ ಶಿಕ್ಷಣದ ಅತ್ಯಂತ ದೊಡ್ಡ ಸಾಧನೆಯೆಂದು ಭಾವಿಸುತ್ತೇನೆ. ಪಡಿತರದ ಸಾಲಿನಲ್ಲಿ ನಿಂತು ಬಲ್ಲವರು, ಅರ್ಜಿ ತಿರಸ್ಕೃತವಾದ ಮನೆಯ ಮೌನವನ್ನು ಕಂಡು ಬಲ್ಲವರು, ಆ ಅರಿವಿಗೆ ಶಾಸ್ತ್ರದ ಶಿಸ್ತನ್ನೂ ಸೇರಿಸಿಕೊಂಡು ಮೇಜಿನ ಆಚೆ ಬದಿಗೆ ಬರುತ್ತಾರೆ. ಖಾಸಗಿ ಸಂಸ್ಥೆಗಳು ಎಷ್ಟೇ ಸುಸಜ್ಜಿತವಾಗಿರಲಿ, ಇಂಥ ಸ್ಥಾನಪಲ್ಲಟ ಇಷ್ಟು ವ್ಯಾಪಕವಾಗಿ ಸಾಧ್ಯವಾಗಿರುವುದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ.

ಕೊರತೆಗಳೂ ಸಣ್ಣವಲ್ಲ. ಕಾಯಂ ಅಧ್ಯಾಪಕರ ಹುದ್ದೆಗಳು ಖಾಲಿ ಉಳಿದು, ಬೋಧನೆಯ ಹೊರೆ ಅತಿಥಿ ಉಪನ್ಯಾಸಕರ ಹೆಗಲೇರಿದೆ. ಇತಿಹಾಸದ ಪಾಠವನ್ನು ಒಬ್ಬ ಅಧ್ಯಾಪಕರು ನೂರು ಮಂದಿಗೆ ಒಟ್ಟಿಗೆ ಹೇಳಬಹುದು. ಕ್ಷೇತ್ರಕಾರ್ಯದ ಮಾರ್ಗದರ್ಶನ ಒಬ್ಬೊಬ್ಬರಿಗೇ ಆಗಬೇಕಾದದ್ದು. ಅಧ್ಯಾಪಕರ ಸಂಖ್ಯೆ ಕುಗ್ಗಿದಾಗ ಮೊದಲು ಸೊರಗುವುದು ವಾರದ ಆ ಚರ್ಚೆ. ಅದು ಸೊರಗಿದರೆ ಉಳಿಯುವುದು ಹಾಜರಾತಿಯ ಸಹಿ ಮಾತ್ರ. ಕನ್ನಡದ ಪಠ್ಯಸಾಮಗ್ರಿ ಮರುಳಸಿದ್ಧಯ್ಯನವರಂಥವರ ಶ್ರಮದ ನಂತರವೂ ಸಾಲದಾಗಿದೆ; ‘ಸಮಾಜಕಾರ್ಯದ ಹೆಜ್ಜೆಗಳು’ ಪತ್ರಿಕೆಯಂಥ ಪ್ರಯತ್ನಗಳು ಈ ಕಂದಕವನ್ನು ತುಂಬಲು ಶ್ರಮಿಸಿವೆ. ಮಾನವ ಸಂಪನ್ಮೂಲ ವಿಭಾಗದತ್ತ ವಿದ್ಯಾರ್ಥಿಗಳ ಒಲವು ಹೆಚ್ಚುತ್ತಿರುವುದನ್ನು ಕಂಡು ಹಿರಿಯರು ಮರುಗುತ್ತಾರೆ. ಮನೆಯಲ್ಲಿ ಸಾಲವಿರುವ ಹುಡುಗ ಕಾರ್ಖಾನೆಯ ಸಂಬಳವನ್ನು ಆರಿಸಿಕೊಂಡರೆ ಅವನನ್ನು ದೂರುವುದು ನ್ಯಾಯವಲ್ಲ. ಗುತ್ತಿಗೆಯ ಮೇಲೆ, ಅಲ್ಪ ಗೌರವಧನಕ್ಕೆ ಆಪ್ತಸಮಾಲೋಚಕರನ್ನು ನೇಮಿಸಿಕೊಳ್ಳುವ ಯೋಜನೆಗಳು ಮೊದಲು ತಮ್ಮ ರೀತಿಯನ್ನು ತಿದ್ದಿಕೊಳ್ಳಬೇಕು.

ವಕೀಲರಿಗೆ, ವೈದ್ಯರಿಗೆ, ದಾದಿಯರಿಗೆ ಇರುವಂತೆ ಶಾಸನಬದ್ಧವಾದ ರಾಷ್ಟ್ರೀಯ ಪರಿಷತ್ತು ಸಮಾಜಕಾರ್ಯಕ್ಕೆ ಇನ್ನೂ ದೊರೆತಿಲ್ಲ. ಯಾರು ಬೇಕಾದರೂ ತಮ್ಮನ್ನು ಸಮಾಜಕಾರ್ಯಕರ್ತರೆಂದು ಕರೆದುಕೊಳ್ಳಬಹುದಾದ ಸ್ಥಿತಿಯಲ್ಲಿ, ಎರಡು ವರ್ಷ ಬೆವರು ಸುರಿಸಿ ಕಲಿತವರಿಗೆ ಅನ್ಯಾಯವಾಗುತ್ತದೆ; ನೆರವು ಬೇಡಿ ಬಂದವರಿಗೆ ಅದಕ್ಕಿಂತ ಹೆಚ್ಚು. 1990ರ ದಶಕದಿಂದಲೂ ಇಂಥ ಪರಿಷತ್ತಿನ ಕರಡುಗಳ ಚರ್ಚೆ ನಡೆದಿದೆ. ಈ ನಡುವೆ 2021ರ ರಾಷ್ಟ್ರೀಯ ಸಹವರ್ತಿ ಮತ್ತು ಆರೋಗ್ಯ ಆರೈಕೆ ವೃತ್ತಿಗಳ ಆಯೋಗ ಕಾಯ್ದೆ ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯಕರ್ತರನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿರುವುದು ಶುಭಸೂಚನೆ. ಆಸ್ಪತ್ರೆಯ ಬೆಂಚಿನ ಮೇಲೆ ರೋಗಿಯ ತಾಯಿಗೆ ಆಯುಷ್ಮಾನ್ ಕಾರ್ಡಿನ ದಾರಿ ತೋರಿಸುವ ವೃತ್ತಿಗೆ ಈಗ ನೋಂದಣಿಯ ಹಾದಿ ತೆರೆದಿದೆ. ಸಮುದಾಯದಲ್ಲಿ, ಶಾಲೆಯಲ್ಲಿ, ಸೆರೆಮನೆಯಲ್ಲಿ, ಬಾಲಮಂದಿರದಲ್ಲಿ ದುಡಿಯುವವರಿಗೂ ಅಂಥದೇ ಮಾನ್ಯತೆ ಸಿಗುವಂತೆ ಮಾಡುವುದು ಇನ್ನು ಬಾಕಿಯಿರುವ ಕೆಲಸ. ಅದಕ್ಕೆ ಒತ್ತಾಯಿಸುವ ನೈತಿಕ ಬಲ ಎಲ್ಲರಿಗಿಂತ ಹೆಚ್ಚಾಗಿ ನಮ್ಮ ವಿಶ್ವವಿದ್ಯಾಲಯಗಳಿಗೆ ಇದೆ.